ಡಬ್ಬಿಯ ಮ್ಯಾಲಿನ ಸಾಲು

ತಿಕೋಟಾ ದಾಟಿ ಎರಡು ಮೈಲಿಗೆ ನಮ್ಮ ಶೆಡ್ಡು.
ಹಸರ ಪರದೆಯ ನೆರಳು, ಹನ್ನೊಂದು ಅಂತಸ್ತಿನ ಜಾಳಿಗಿ,
ಜಾಳಿಗಿ ಮ್ಯಾಲ ಒಣಗಲಿಕ್ಕೆ ಹರವಿದ ದ್ರಾಕ್ಷಿ,
ಒಳಗ ಹೋದರ ಗಂಟಲಾಗ ಗಂಧಕ.
ನಾ ಇಲ್ಲಿ ಲೆಕ್ಕ ಬರಿಯಾಂವ:
ಎಷ್ಟು ಗಾಡಿ ಬಂತು, ಎಷ್ಟು ತೂಗಿತು, ಯಾರಿಗೆಷ್ಟು ಪಗಾರ.
ನಾಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ.
ಉಳಿದ ಮೂರು ಗಾಳಿಯ ಪಾಲು, ಅದಕ್ಕ ಕಾಲಂ ಇಲ್ಲ.

ಶಿವರಾತ್ರಿ ಆದ ವಾರಕ್ಕ ಒಂದು ಕಾಗದ ಬಂತು.
ಎಲ್ಲೋ ಸರೋವರದ ದಂಡಿಮ್ಯಾಗ
ನೂರಾರು ದೇಶದವರು ಕೂತು ಒಪ್ಪಿ ಸಹಿ ಹಾಕಿದ ಮಾತಂತ.
ಅಲ್ಲಿಂದ ಖರೀದಿ ಕಂಪನಿಗೆ,
ಕಂಪನಿಯಿಂದ ತಾಸಗಾಂವದ ದಲಾಲನ ಮೊಬೈಲಿಗೆ,
ಕಡೀಕ ನನ್ನ ಟೇಬಲ್ಲಿಗೆ ಇಳಿಯೋದ್ರಾಗ
ಒಂದೇ ಸಾಲು ಉಳಿದಿತ್ತು:
‘ಈ ಮಾಲಿಗೆ ಯಾವ ಮಗುವಿನ ಕೈಯೂ ತಾಗಿಲ್ಲ.’
ಕೆಳಗ ನನ್ನ ಸಹಿಗೆ ಜಾಗ.

ಸುಳ್ಳು ಯಾಕ ಹೇಳಲಿ, ಕೆಲಸ ಆತು.
ಆರು ಮಕ್ಕಳಿದ್ದರು ಶೆಡ್ಡಿನ್ಯಾಗ. ಮರುದಿನ ಇಲ್ಲ.
ಮಾಲಕ ತಾನೇ ಗೇಟಿಗೆ ನಿಂತು ಕಳಿಸಿದ,
ಹೋಗೂಮುಂದ ಒಂದೊಂದು ಮುಷ್ಟಿ ದ್ರಾಕ್ಷಿ ಕೊಟ್ಟ.
ಮುಬೀನಾ, ಮುಂದಿನ ಹಲ್ಲು ಬಿದ್ದು ಇನ್ನೂ ಹುಟ್ಟದಾಕಿ
(ವಯಸ್ಸು ಕೇಳಿದ್ರ ಹದಿನೈದು ಅನ್ನು ಅಂತ
ಹೋದ ವರ್ಷ ನಾನೇ ಕಲಿಸಿದ್ದೆ),
ನೀಲಿ ಲಂಗ ಹಾಕ್ಕೊಂಡು ಸಾಲಿಗೆ ಹೊಂಟಿದ್ದು ಕಂಡೆ.
ಇನ್ಸ್‌ಪೆಕ್ಟರ್ ಬಂದ್ರು, ಮಜ್ಜಿಗಿ ಕುಡದ್ರು, ರಜಿಸ್ಟರ್ ತಿರುವಿದ್ರು.
ಅವತ್ತು ನನ್ನ ಕೈ ನಡುಗಲಿಲ್ಲ. ಖರೇ ಬರೆದಿದ್ದೆ.

ಸಂಜಿ ಆರಕ್ಕ ಲೂನಾ ಹೊಂಟಿತು,
ಹಿಂದ ಎರಡು ಚೀಲ.
ತೊಟ್ಟು ಬಿಡಸಾಕ ಮನಿಮನಿಗೆ, ಕಿಲೋಕ್ಕ ಮೂರು ರೂಪಾಯಿ.
ಅದನ್ನ ನಾ ಬರಿಯೂದು ‘ಇತರೆ’ ಅನ್ನೂದರಾಗ.
ಚಾಂದಬೀ ಅಂಗಳದಾಗ ಬಲ್ಬು ಹಚ್ಚಿ ತಟ್ಟು ಹಾಸತಾಳ,
ಮಗಳು ಎದುರಿಗೆ.
ಅವ್ವಗ ಕೈಗೂಡಿಸಿದ್ರ ಅದು ಕೂಲಿ ಅಲ್ಲಂತ.
ಸಾಲಿ ಬಿಟ್ಟ ಮ್ಯಾಲ, ಮನಿಯಾಗ,
ಹಂಗಂದ್ರ ಕಾನೂನೂ ತಲಿ ಆಡಸತೈತಿ.

ಒಮ್ಮೊಮ್ಮೆ ಅನಸತೈತಿ,
ಅಷ್ಟು ದೂರದಿಂದ ಬಂದ ಮಾತೂ ಜಾಳಿಗಿ ಮ್ಯಾಲಿನ ಹಣ್ಣೇ,
ದಾರ್ಯಾಗ ನೀರು ಆರಿ ನಾಕಕ್ಕ ಒಂದಾಗಿ ಬರತೈತಿ.
ಬ್ಯಾಡ ಅನ್ನಲಿಕ್ಕೆ ಬಾಯಿ ಬರೂದಿಲ್ಲ.
ಆ ಒಂದರಾಗ ಮುಬೀನಾಳ ಮುಂಜಾನಿ ಐತಿ,
ಕಾಗುಣಿತ ಐತಿ, ಬಿಸಿಯೂಟದ ತತ್ತಿ ಐತಿ.
ಹೋದ ವರ್ಷ ಅಷ್ಟೂ ಇರಲಿಲ್ಲ.
ಜಾವೀದ ಮಾತ್ರ ಸೋಲಾಪುರ ರೋಡಿನ ಧಾಬಾದಾಗ
ತಾಟು ತೊಳೀತಾನಂತ.
ಅಲ್ಲಿಂದ ಯಾವ ಡಬ್ಬಿಯೂ ಹಡಗು ಹತ್ತೂದಿಲ್ಲ.
ಹಿಂಗಾಗಿ ಸಾಲೂ ಇಲ್ಲ.

ನಿನ್ನೆ ಬಸ್ ಸ್ಟ್ಯಾಂಡಿನ್ಯಾಗ ಸಾಲಿ ಅಕ್ಕೋರು ಬೈಕೋತ ನಿಂತಿದ್ರು:
ಆ ಹುಡುಗಿ ಪಾಟಿಚೀಲಕ್ಕ ದಿನಾ ಇರುವಿ ಹತ್ತತಾವ್ರೀ,
ನೋಟಬುಕ್ಕಿನ ಹಾಳಿ ಒಂದಕ್ಕೊಂದು ಅಂಟಿರತಾವ,
ಮನ್ಯಾಗ ಕೈ ತೊಳಸಿ ಕಳಸೂದಿಲ್ಲೇನು?

ಇರುವಿಗೆ ಯಾರೂ ಮಜ್ಜಿಗಿ ಕುಡಿಸಿರಲಿಲ್ಲ.
ನಾ ಹೂಂ ಅಂದು
ಕೈ ಕಿಸೇದಾಗ ಇಟಗೊಂಡೆ.