ಮೂವತ್ತೆಂಟು ಕೇಜಿ

ನಂದಿ ರಸ್ತೆಯ ರೆಸಾರ್ಟೊಂದು ಬಾಗಿಲು ಹಾಕಿದಾಗ
ಗುಜರಿಗೆ ಬಂದಿತ್ತು ಈ ಡ್ರಮ್ಮು.
ಪಕ್ಕಕ್ಕೊಂದು ಬೆಂಕಿಗೂಡು, ತಲೆಯ ಮೇಲೆ ಮೊಳದುದ್ದ ಚಿಮಣಿ,
ಒಂದು ಚಕ್ರ ಇಲ್ಲ.
ಕೇಜಿಗೆ ಅರವತ್ತರಂತೆ ತೂಗಿದ ಅಫ್ರೋಜ್.
ಮೂವತ್ತೆಂಟು ಕೇಜಿ.
"ಏನ್ ಮಾಡ್ತೀರ ಲೈನ್‌ಮನ್ ಸಾರ್, ಸ್ನಾನಕ್ಕೆ ನೀರು ಕಾಯಿಸ್ತೀರ?"
ಹೊಗೆಯಲ್ಲಿ ಮಾಂಸ ಬೇಯಿಸ್ತೀನಿ ಅಂದೆ.
ಇನ್ನೂರು ರೂಪಾಯಿ ಬಿಟ್ಟುಕೊಟ್ಟ, ಕನಿಕರಕ್ಕೆ.

ಶಿಡ್ಲಘಟ್ಟದ ಹಿತ್ತಿಲಿಗೆ ಲಗೇಜ್ ಆಟೋದಲ್ಲಿ ಬಂತು.
ಒಳಗೆ ಕಡಲೆಕಾಯೆಣ್ಣೆ ಬಳಿದು, ಬರೀ ಹೊಟ್ಟೆಯಲ್ಲೇ
ಮೂರು ಗಂಟೆ ಕಾಯಿಸಿದೆ, ಹೊಸ ಬಾಣಲೆ ಪಳಗಿಸುವ ಹಾಗೆ.
ಅಷ್ಟು ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ.

ನಾನು ಕರೆಂಟಿನ ಮನುಷ್ಯ.
ಹಾಕಿದರೆ ಬರಬೇಕು, ತೆಗೆದರೆ ಹೋಗಬೇಕು.
ಮೊದಲ ಭಾನುವಾರ ಸಿಕ್ಕಿದ್ದೆಲ್ಲ ತುರುಕಿದೆ,
ಲೈನಿಗೆ ತಾಗುತ್ತೆಂದು ನಾವೇ ಕಡಿದ ನೀಲಗಿರಿ, ಹಸಿಹಸಿ.
ಸಂದುಸಂದಲ್ಲೂ ಹೊಗೆ, ಬಿಳಿ, ದಪ್ಪ,
ತೊಳೆಯದ ಕುರಿಯುಣ್ಣೆ.
ಮುಚ್ಚಳದ ಮುಳ್ಳು ನೂರಿಪ್ಪತ್ತು ಅಂದಿತು,
ಕೈಯಿಟ್ಟು ನೋಡಿದರೆ ಸುಳ್ಳು.
ಸಂಜೆಗೆ ಕೋಳಿ ಹೊಸ ಬೂಟಿನಂತೆ ಹೊಳೆಯಿತು.
ತಿಂದ ಮಗಳು ಹೇಳಿದಳು:
"ಅಪ್ಪ, ನೆಗಡಿ ಹೋಯ್ತು."

ಕಾಂಪೌಂಡಿನಾಚೆ ಜುಲೇಖಾಬಿ ಕೆಮ್ಮಿದರು.
ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚುವ ಬಟ್ಟಲ ಕೆಳಗೆ
ಒಲೆ ಕಾದವರು.
ನೀರು ಮಿತಿಮೀರಿದರೆ ಗೂಡು ಕೆಡುತ್ತೆ, ಆರಿದರೆ ಎಳೆ ಬರಲ್ಲ.
ಬೆರಳ ತುದಿಗಳು ಇವತ್ತಿಗೂ
ಹಿತುಕಿದ ಅವರೆಬೇಳೆ.

"ಬೆಂಕಿಗೆ ಹೊಟ್ಟೆ ತುಂಬಾ ಹಾಕ್ಬೇಡ ಕಣಪ್ಪ,
ಅರೆಹೊಟ್ಟೆ ಇರ್ಲಿ. ಮುಖ ಎತ್ತಿ ಕೇಳ್ಬೇಕು ಅದು,
ಆಗ ಒಂದು ಕೊಡು. ಮುಂಗೈ ದಪ್ಪ, ಸಾಕು."
ಸಂದುಗಳಿಗೆ ಗೋಧಿಹಿಟ್ಟಿನ ಕಣಕ ಮೆತ್ತಿಸಿದರು,
ಬಿರಿಯಾನಿ ಹಂಡೆಗೆ ಮೆತ್ತುವ ಹಾಗೆ.
ಚಿಮಣಿ ಪೂರಾ ತೆಗಿ, ಗಾಳಿಯನ್ನ ಬೆಂಕಿ ಬಾಗಿಲಲ್ಲೇ ಹಿಡಿ ಅಂದರು.
ಮುಳ್ಳು ನಂಬದೆ ಜಾಲರಿಯ ಮೇಲೆ ಉದ್ದಕ್ಕೂ
ಆಲೂಗಡ್ಡೆ ಇಡಿಸಿದರು.
ಬೆಂಕಿಯ ಕಡೆಯದು ಇದ್ದಿಲು, ಚಿಮಣಿಯ ಕಡೆಯದು ಹಸಿ.
ನಡುವಿನದನ್ನು ಉಪ್ಪು ಹಚ್ಚಿ ತಿಂದೆವು.
ಮಾಂಸದ ಜಾಗ ಗೊತ್ತಾಯಿತು.

ಈ ಭಾನುವಾರ ಶ್ರೀನಿವಾಸಪುರದ ಮಾವಿನ ಕೊಂಬೆ,
ವರ್ಷ ಒಣಗಿದ್ದು. ಅವರು ಹೇಳಿದ ಅಂಗಡಿಯ
ಕುರಿತೊಡೆ. ಉಪ್ಪು, ಮೆಣಸು, ಬೇರೇನಿಲ್ಲ.
ಒಂಬತ್ತಕ್ಕೆ ಹಚ್ಚಿದೆ. ಮೊದಲು ಬಿಳಿ,
ಆಮೇಲೆ ಬೂದು, ಆಮೇಲೆ ಏನೂ ಇಲ್ಲ.
ಆರಿತೇನೋ ಎಂದು ಬಾಗಿಲಿಗೆ ಕೈ ಹಾಕಿದೆ.
"ಮುಟ್ಬೇಡ. ಬಿಸಿಲಿಗೆ ಅಡ್ಡ ನಿಂತು ನೋಡು."

ನೋಡಿದೆ.
ಚಿಮಣಿಯ ಬಾಯಿಂದ ನೀಲಿಯ ಒಂದೇ ಎಳೆ,
ಕಡಿಯದೆ,
ಮೇಲೆ ಯಾರೋ ಸುತ್ತಿಕೊಳ್ಳುತ್ತಿರುವ ಹಾಗೆ.
ಜುಲೇಖಾಬಿಯ ಬಲಗೈ ತಾನಾಗಿಯೇ
ಗಾಳಿಯಲ್ಲೊಂದು ಸುತ್ತು ತಿರುಗಿತು.
ಸೆರಗಿನೊಳಗೆ ಎಳೆದುಕೊಂಡರು.

ಎರಡಕ್ಕೆ ಫೋನು. ಚಿಂತಾಮಣಿ ರಸ್ತೆಯಲ್ಲಿ ತಂತಿ ಕಡಿದು
ಅರ್ಧ ಊರಿಗೆ ಕರೆಂಟಿಲ್ಲ.
ಕೇಳುವ ಮೊದಲೇ ಕುರ್ಚಿ ಎಳೆದು ಕೂತಿದ್ದರು ಅವರು.
ಕಂಬದ ಮೇಲಿಂದ ನಮ್ಮ ಹಿತ್ತಿಲು ಹುಡುಕಿದೆ.
ಹೊಗೆ ಕಾಣಲಿಲ್ಲ. ಸಮಾಧಾನವಾಯಿತು.

ಬಂದಾಗ ಕತ್ತಲು.
ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತೇ ಇದ್ದಾರೆ,
ಪಕ್ಕದಲ್ಲಿ ಎರಡು ಕೊಂಬೆ ಉಳಿಸಿಕೊಂಡು.
ಮೂಳೆ ಎಳೆದರೆ ಬರೀ ಮೂಳೆ ಬಂತು.
ಮಗಳು ಮಾತಿಲ್ಲದೆ ತಿಂದಳು.
ಅವರೊಂದು ಚೂರು ಬಾಯಲ್ಲಿಟ್ಟು, ಕಣ್ಣು ಮುಚ್ಚಿ,
ಬಹಳ ಹೊತ್ತು ಅಗಿದರು.

"ಉಪ್ಪು ಕಮ್ಮಿ."