ನುಸಿ ಬಿಟ್ಟ ಕಿವಿ

ಚಿಲೊಯೆಯ ನಡುಗಡ್ಡೆಗಳಿಗೆ ಪಾದ್ರಿ ಬರುವುದು ವರ್ಷಕ್ಕೊಮ್ಮೆ,
ಅದೂ ಗಾಳಿ ಒಪ್ಪಿದರೆ.
ಉಳಿದ ದಿನಗಳಿಗೆ ನಮ್ಮ ದೊಮಿತಿಲಾ ಅತ್ತೆ.
ಓದು ಬಾರದು, ಸುವಾರ್ತೆಯೆಲ್ಲ ಬಾಯಿಪಾಠ,
ಮೀನು ನಾರುವ ಉಣ್ಣೆ ಶಾಲು,
ಮಡಿಲಲ್ಲಿ ಕಂಬಳಿ ಸುತ್ತಿದ ಸಂತ ಔರೆನ್ಸಿಯೊನ ಸ್ವರೂಪ.
ಹುಟ್ಟು ಹಾಕುವವನು ನಾನು, ಹನ್ನೊಂದರ ಪೋರ.

ಆ ಚಳಿಗಾಲ ಕಂಬಳಿ ಬಿಚ್ಚಿದರೆ
ಸಂತನಿಗೆ ಬಾಯಿಲ್ಲ.
ತುಟಿ, ಗದ್ದ, ಗಡ್ಡದ ತುದಿ
ಎಲ್ಲ ನುಸಿ ತಿಂದು ಪುಡಿ;
ಅತ್ತೆಯ ಮಡಿಲಲ್ಲಿ
ಹುರಿದ ಗೋಧಿಹಿಟ್ಟು ಚೆಲ್ಲಿದ ಹಾಗೆ.

ಬಡಗಿ ಎಲೆವುತೇರಿಯೊ ಬಂದ, ಮೂಸಿದ, ಬೆರಳಿಟ್ಟು ನೋಡಿದ:
"ಒಳ್ಳೇ ಮರದ ತುಂಡಿದೆ. ಶನಿವಾರದೊಳಗೆ ಹೊಸ ಬಾಯಿ.
ಬಾಯಿಲ್ಲದ ಸಂತನ್ನ ಹೊತ್ತುಕೊಂಡು
ದೇವರ ಮಾತು ಹೇಗೆ ಸಾರ್ತೀಯ, ದೊಮಿತಿಲಾ?"
ಅತ್ತೆ ದೀಪ ಹತ್ತಿರ ತಂದಳು.
ಎಡಗಿವಿ ನೋಡಿದಳು. ಬಲಗಿವಿ ನೋಡಿದಳು.
"ಹಾಲೆಯ ಮಡಿಕೆ ಸಮೇತ ಹಾಗೇ ಇದೆಯಲ್ಲೋ" ಅಂದಳು,
ಮತ್ತೆ ಕಂಬಳಿ ಸುತ್ತಿದಳು.

ದೋಣಿಯಲ್ಲಿ ಹೇಳಿದ ಕಥೆ ಇದು,
ಅಲೆಯ ಸದ್ದಿಗೆ ಅರ್ಧವಷ್ಟೇ ಕೇಳಿಸಿತು.
ಔರೆನ್ಸಿಯೊ ಬಂದನಂತೆ
ಸಂದೂಕದ ತುಂಬ ಬರೆದಿಟ್ಟ ಪ್ರಸಂಗ ಹೊತ್ತು.
ದಡದಲ್ಲಿ ಒಬ್ಬರಿಗೂ ಅವನ ಭಾಷೆ ತಿಳಿಯದು.
ಮೊದಲ ವರ್ಷ ಕೂಗಿ ಕೂಗಿ ಹೇಳಿದ; ನಾಯಿಗಳು ಬಂದವು.
ಎರಡನೆಯ ವರ್ಷ ಕಾಗದವೆಲ್ಲ ಒಲೆಗೆ ಹೋಯಿತು.
ಆಮೇಲೆ ಸುಮ್ಮನೆ ಕೂತ,
ಕಪ್ಪೆಚಿಪ್ಪು ಬಿಡಿಸುವ ಹೆಂಗಸರ ಪಕ್ಕದಲ್ಲಿ.
ಇಳಿತಕ್ಕೆ ಏನನ್ನುತ್ತಾರೆ,
ಕರಿ ಆಲೂಗಡ್ಡೆಗೆ ಏನು, ಕೆಂಪಿಗೆ ಏನು,
ಸತ್ತ ಕೂಸನ್ನು ಹೆತ್ತವಳು ಏನೆಂದು ಕರೆಯುತ್ತಾಳೆ,
ಮೂರು ಚಳಿಗಾಲ ಕೇಳಿದ.
ಕೊನೆಗೊಮ್ಮೆ ಬಾಯಿ ತೆರೆದರೆ
ದೇವರು ಪಕ್ಕದ ಮನೆಯವನ ಹಾಗೆ ಮಾತಾಡಿದನಂತೆ,
ಅದೇ ರಾಗ, ಅದೇ ಬೈಗುಳ ಕೂಡ.

ಆ ರಾತ್ರಿ ನಾವು ಇಳಿದದ್ದು ಲಿಸಾರ್ದೊ ನಾವೆಲ್ಕೀನನ ದಡಕ್ಕೆ.
ಮಗನನ್ನು ಕಡಲು ಒಯ್ದು ಒಂಬತ್ತು ದಿನ.
ದೋಣಿ ಸಿಕ್ಕಿತ್ತು.
"ಒಳಗೆ ಬನ್ನಿ. ಜಪ ಗಿಪ ಏನೂ ಬೇಡ" ಅಂದ.
ಅತ್ತೆ ಜಪಸರವನ್ನು ಜೇಬಿಗೆ ಇಳಿಸಿದಳು.
ಒಲೆಯ ಬಳಿ ಬಾಯಿಲ್ಲದ ಸಂತ,
ಬಾಯಿ ತೆರೆಯದ ಅತ್ತೆ.
ಎಷ್ಟೋ ಹೊತ್ತಿಗೆ ಲಿಸಾರ್ದೊ ಮಾತಾಡಿದ:
ಮಗನ ಬೂಟಿನ ಅಳತೆ, ಸೀಟಿಯ ಧಾಟಿ,
ಅಂಗಡಿಯಲ್ಲಿ ಅವನು ಉಳಿಸಿ ಹೋದ ಬಾಕಿ.
ದೇವರನ್ನು ಬೈದ. ಅತ್ತೆ ತಲೆಯಾಡಿಸಿದಳು.
ಇನ್ನೂ ಬೈದ.
ಬೂದಿಯೊಳಗೆ ಆಲೂಗಡ್ಡೆ ಕರಕಾಯಿತು, ಯಾರೂ ತೆಗೆಯಲಿಲ್ಲ.
ನನಗೆ ಹಸಿವು. ಹೇಳಲು ಹೆದರಿಕೆ.

ಬೆಳಕು ಹರಿಯುವಾಗ ಅವನೇ ಕೇಳಿದ,
ಸಂತನ ಮುಖದ ಗುಂಡಿಯನ್ನೇ ನೋಡುತ್ತ:
"ಇವನು ಏನಂತಾನೆ?"
"ಕೇಳಿಸಿತು ಅಂತಾನೆ."
ಆ ವರ್ಷದ ಪ್ರಸಂಗ ಅಷ್ಟೇ.

ಈಗ ಅತ್ತೆ ಇಲ್ಲ. ದೋಣಿಗೆ ಮೋಟಾರು ಬಂದಿದೆ,
ಕಂಬಳಿ ನನ್ನ ಮಡಿಲಲ್ಲಿ.
ನನಗೆ ಓದು ಬರುತ್ತದೆ, ಅದೇ ಕಷ್ಟ;
ಕದ ತಟ್ಟುವ ಮೊದಲೇ ನಾಲಗೆಯ ಮೇಲೆ ವಾಕ್ಯಗಳ ಸಾಲು.
ಅದಕ್ಕೇ ದಡ ಮುಟ್ಟುವ ಮುಂಚೆ ಮೋಟಾರು ನಿಲ್ಲಿಸಿ
ಹೆಬ್ಬೆರಳಿನಿಂದ ಆ ಕಿವಿಯ ಮಡಿಕೆ ಸವರುತ್ತೇನೆ,
ಪುಡಿ ಅಂಟುತ್ತದೆಯೇ ಅಂತ.

ಇನ್ನೂ ಇಲ್ಲ.