ಹೊಸಾದು

ನನ್ನದು ಬಿಸಿಲಕೋಟಿ, ದಾವಲಂದು ನೆರಳಕೋಟಿ.
ಆಟ ಒಂದ, ಬಾಗಿಲಾ ಎರಡು.
ರೆಕ್ಕಿ ಇರೋ ಆಮಿ ನನ್ನ ಹೊಳ್ಯಾಗ ಹುಟ್ಟಂಗಿಲ್ಲ,
ಉರಿಬಾಲದ ಮುಂಗಲಿ ಅವನ ಕಾಡಿಗೆ ಬರಂಗಿಲ್ಲ.
ಹಂಗಾಗಿ ದಿನಾ ಸಂಜಿಕೆ
ಖಣದ ಮಗ್ಗ ನಿಂತ ಮ್ಯಾಲೆ
ನಮ್ಮ ಕಟ್ಟಿಮ್ಯಾಲೆ ಮೊಣಕಾಲಿಗೆ ಮೊಣಕಾಲು.
ಗೇಣುದ್ದ ವೈರು. ಹಿಡಿದ ಉಸಿರು.
ಮುಂಗಲಿ ಅತ್ತ ಹೋತು, ಆಮಿ ಇತ್ತ ಬಂತು,
ಬೆನ್ನಮ್ಯಾಲೆ ಇನ್ನೂ ದಾವಲನ ಹೆಸರು,
ಅಳಸಾಕ ಬರಂಗಿಲ್ಲ ಅದು.

ಈಗ ಹೊಸಾದು ಬಂದೈತಿ.
ಹಿಡಿದ ಪ್ರಾಣಿ ಬೆನ್ನಿಂದ ನಡಕೋತ ಬರತೈತಿ,
ಗುಳೇದಗುಡ್ಡಕ್ಕ ಕತ್ತಲಾದರ ಅದರಾಗೂ ಕತ್ತಲು,
ಆಮಿ ಆಕಳಸತೈತಿ.
ವೈರು ಬ್ಯಾಡಂತ.
ಅಂವ ಅವರ ಮನ್ಯಾಗ, ನಾ ನಮ್ಮ ಮನ್ಯಾಗ,
ಗಾಳ್ಯಾಗ ಕೊಡು, ಗಾಳ್ಯಾಗ ತಗೋ.

ಮೂರು ದಿನ ಹಂಗ ಮಾಡಿದ್ವಿ.
ಕಟ್ಟಿಮ್ಯಾಲೆ ನಮ್ಮ ಜಾಗದಾಗ
ಅವ್ವ ಮೆಣಸಿನಕಾಯಿ ಹರವಿದಳು.

ನಾಕನೇ ದಿನ ದಾವಲ ಓಡಿ ಬಂದ,
"ನಮ್ಮ ಕಡೆ ಸಿಗ್ನಲ್ಲ ಹತ್ತವಲ್ದಲೇ."
ಅವನ ಪರದೆಮ್ಯಾಲೆ ನಾಕೂ ಗೆರಿ ತುಂಬಿದ್ವು.
ನೋಡಿದೆ. ಏನೂ ಅನಲಿಲ್ಲ.
ಮೆಣಸಿನಕಾಯಿ ಒಂದೀಟು ಸರಿಸಿದೆ.